ಸಂವಿಧಾನ ಸಲಹೆಗಾರ ಸರ್ ಬಿ.ಎನ್. ರಾವ್ ರವರ ಜೀವನ ಹಾಗೂ ನಾಗರಿಕರ ಮೂಲಭೂತ ಹಕ್ಕುಗಳು

ಭಾರತ ಸಂವಿಧಾನದ ಮೊದಲ ಪೂರ್ಣ ಕರಡನ್ನು ಸಿದ್ಧಪಡಿಸಿದ ಸರ್ ಬೆನಗಲ್ ನರಸಿಂಗ ರಾವ್ ರವರು ನಮ್ಮ ಕರಾವಳಿ ನಾಡಿನವರು. ಅವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿರಲಿಲ್ಲ. ಸಭೆಯಲ್ಲಿ ಭಾಷಣ ಮಾಡುವ ಅಥವಾ ಮತ ಚಲಾಯಿಸುವ ಅಧಿಕಾರ ಅವರಿಗಿರಲಿಲ್ಲ. ಸಂವಿಧಾನ ಸಲಹೆಗಾರರೆಂಬ ಹುದ್ದೆಯಲ್ಲಿದ್ದು ಟಿಪ್ಪಣಿ, ಪ್ರಶ್ನಾವಳಿ ಮತ್ತು ಕರಡುಗಳನ್ನು ಸಿದ್ಧಪಡಿಸಿ ಕೊಡುವುದು ಅವರ ಕರ್ತವ್ಯವಾಗಿತ್ತು. ಹೀಗಿದ್ದರೂ, ನಾಗರಿಕನೊಬ್ಬನು ಸರ್ಕಾರದಿಂದ ಯಾವುದನ್ನು ಹಕ್ಕೆಂದು ಕೇಳಿ ನ್ಯಾಯಾಲಯದ ಮೊರೆ ಹೋಗಬಹುದು, ಯಾವುದಕ್ಕಾಗಿ ಸರ್ಕಾರವು ರೂಪಿಸುವ ಕಾಯ್ದೆ ಹಾಗೂ ಯೋಜನೆಗಳನ್ನು ಅವಲಂಬಿಸಬೇಕು ಎಂಬ ಗೆರೆಯು ನಮ್ಮ ಸಂವಿಧಾನದಲ್ಲಿ ಮೂಡಿದುದರಲ್ಲಿ ಅವರ ಪಾತ್ರ ಹಿರಿದು. ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಿಳಿದಿರಬೇಕಾದ ವಿಷಯ ಇದಾಗಿರುವುದರಿಂದ ಅವರ ಜೀವನದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸರ್ಕಾರಿ ಸೇವೆ

ನರಸಿಂಗ ರಾವ್ ರವರು 1887ರ ಫೆಬ್ರವರಿ 26ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ರವರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಪ್ರಾಂತ್ಯಕ್ಕೇ ಪ್ರಥಮರಾಗಿ ತೇರ್ಗಡೆ ಹೊಂದಿದರು. ಬಳಿಕ ಮದರಾಸಿನಲ್ಲಿ ಪದವಿ ಪಡೆದು, ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ್ ನೆಹರೂ ರವರು ಅದೇ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲವದು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಮರುವರ್ಷ ಬಂಗಾಳ ಪ್ರಾಂತ್ಯದಲ್ಲಿ ಸೇವೆಗೆ ಸೇರಿದರು. ಅವರ ಸಹೋದರರಲ್ಲಿ ಬಿ. ರಾಮರಾವ್ ರವರು ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿಯೂ, ಬಿ. ಶಿವರಾವ್ ರವರು ಪತ್ರಕರ್ತರಾಗಿ ಹಾಗೂ ಸಂವಿಧಾನ ರಚನಾ ಸಭೆಯ ಸದಸ್ಯರಾಗಿಯೂ ಹೆಸರುವಾಸಿಯಾದರು.

ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಕಾರ್ಯ ನಿರ್ವಹಿಸಿದ ರಾವ್ ರವರು 1925ರಿಂದ ಸುಮಾರು ಎಂಟು ವರ್ಷ ಅಸ್ಸಾಂ ಸರ್ಕಾರದ ಕಾನೂನು ಕಾರ್ಯದಲ್ಲಿ ತೊಡಗಿದ್ದರು. ಮಸೂದೆಗಳನ್ನು ರಚಿಸುವ ಕೆಲಸದಲ್ಲಿ ಅವರ ಕೈ ಪಳಗಿದ್ದು ಅಲ್ಲಿಯೇ. 1935ರ ಭಾರತ ಸರ್ಕಾರ ಕಾಯ್ದೆಗೆ ಅನುಗುಣವಾಗಿ ದೇಶದ ಎಲ್ಲ ಕಾನೂನುಗಳನ್ನೂ ತಿದ್ದಿ ಹೊಂದಿಸುವ ಹೊಣೆಯನ್ನು ಅವರಿಗೆ ವಹಿಸಲಾಯಿತು. ಸಾವಿರಾರು ಪುಟಗಳ ಶಾಸನಗಳನ್ನು ಪದಪದವಾಗಿ ಪರಿಶೀಲಿಸಬೇಕಾದ, ಹೊರಗಿನವರಿಗೆ ಕಾಣದ ಕೆಲಸವಿದು. ಅದನ್ನು ಅವಧಿಯೊಳಗೆ ಪೂರೈಸಿದ ಅವರಿಗೆ 1938ರಲ್ಲಿ ಸರ್ ಪದವಿ ದೊರೆಯಿತು. ಮುಂದೆ ಅವರು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಈ ಅವಧಿಯಲ್ಲಿ ಮೂರು ವಿಚಾರಣೆಗಳು ಅವರ ಪಾಲಿಗೆ ಬಂದವು. ಮೊದಲನೆಯದು, 1940ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರ ತುಟ್ಟಿಭತ್ಯೆಯ ಪ್ರಶ್ನೆ. ಎರಡನೆಯದು, ಸಿಂಧೂ ನದಿಯ ನೀರಿನ ಬಗ್ಗೆ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವಿನ ವಿವಾದ. 1942ರಲ್ಲಿ ಸಲ್ಲಿಸಿದ ವರದಿಯಲ್ಲಿ ಅವರ ಆಯೋಗವು ನದಿಯ ನೀರು ಯಾವೊಂದು ಪ್ರಾಂತ್ಯದ ಸ್ವತ್ತೂ ಅಲ್ಲವೆಂದು ತಿಳಿಸಿ, ನ್ಯಾಯಸಮ್ಮತ ಹಂಚಿಕೆಯ ತತ್ವವನ್ನು ಎತ್ತಿಹಿಡಿಯಿತು. ಅಂತರರಾಜ್ಯ ಜಲವಿವಾದಗಳ ಬಗ್ಗೆ ಓದಿರುವ ಕನ್ನಡಿಗರಿಗೆ ಈ ತತ್ವ ಅಪರಿಚಿತವೇನಲ್ಲ. ಮೂರನೆಯದು, 1941ರಲ್ಲಿ ಹಾಗೂ ಪುನಃ 1944ರಲ್ಲಿ ನೇಮಕಗೊಂಡ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆ. ಹೆಣ್ಣುಮಕ್ಕಳ ಆಸ್ತಿ ಹಕ್ಕು ಮತ್ತು ವಿವಾಹದ ಬಗ್ಗೆ ಈ ಸಮಿತಿಯು ಸಿದ್ಧಪಡಿಸಿದ ಕರಡೇ ಮುಂದೆ ಡಾ. ಬಿ.ಆರ್. ಅಂಬೇಡ್ಕರ್ ರವರು ಸಂಸತ್ತಿನಲ್ಲಿ ಮಂಡಿಸಿದ ಹಿಂದೂ ಸಂಹಿತೆ ಮಸೂದೆಗೆ ತಳಹದಿಯಾಯಿತು. ಸೇವೆಯಿಂದ ನಿವೃತ್ತರಾದ ಮೇಲೆ 1944ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದ ರಾವ್ ರವರು, ಮಹಾರಾಜರೊಡನೆ ಅಭಿಪ್ರಾಯಭೇದ ಉಂಟಾದುದರಿಂದ 1945ರಲ್ಲಿ ಆ ಸ್ಥಾನವನ್ನು ತ್ಯಜಿಸಿದರು.

ಸಂವಿಧಾನ ರಚನೆಯಲ್ಲಿ ರಾವ್ ರವರ ಪಾತ್ರ

1946ರ ಜುಲೈ ತಿಂಗಳಲ್ಲಿ ಅವರು ಸಂವಿಧಾನ ಸಲಹೆಗಾರರಾಗಿ ಕಾರ್ಯಾರಂಭ ಮಾಡಿದರು. ರಚನಾ ಸಭೆಯು ಮೊದಲ ಬಾರಿಗೆ ಸೇರಿದ್ದು ಅದೇ ವರ್ಷದ ಡಿಸೆಂಬರ್ 9ರಂದು. ಸಭೆ ಸೇರುವ ಮೊದಲೇ ಅವರ ಕಚೇರಿಯು ಇತರ ದೇಶಗಳ ಸಂವಿಧಾನಗಳಿಂದ ಆಯ್ದ ವಿಷಯಗಳನ್ನು ಸದಸ್ಯರ ಉಪಯೋಗಕ್ಕಾಗಿ ಸಂಗ್ರಹಿಸತೊಡಗಿತ್ತು. 1946ರ ಸೆಪ್ಟೆಂಬರಿನಲ್ಲಿ ಮೂಲಭೂತ ಹಕ್ಕುಗಳ ಕುರಿತು ಅವರು ಬರೆದ ಟಿಪ್ಪಣಿಯು ಇಲ್ಲಿ ಮುಖ್ಯವಾದುದು. ಹಕ್ಕುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬೇಕೆಂದು ಅವರು ಸೂಚಿಸಿದರು. ವಾಕ್ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯದಂತಹ ಹಕ್ಕುಗಳಿಗೆ ಸರ್ಕಾರವು ಅಡ್ಡಿಪಡಿಸದಿದ್ದರೆ ಸಾಕು. ಅಡ್ಡಿಪಡಿಸಿದಲ್ಲಿ ನ್ಯಾಯಾಲಯವು ತಡೆಯಬಲ್ಲದು. ಶಿಕ್ಷಣ, ಉದ್ಯೋಗ, ವೃದ್ಧಾಪ್ಯದ ನೆರವು ಮುಂತಾದವುಗಳಿಗೆ ಸರ್ಕಾರವೇ ಮುಂದೆ ಬಂದು ಹಣ ತೊಡಗಿಸಬೇಕಾಗುತ್ತದೆ. ಖಜಾನೆಯಲ್ಲಿ ಹಣವಿಲ್ಲದಿರುವಾಗ ನ್ಯಾಯಾಲಯದ ಆದೇಶವೊಂದರಿಂದಲೇ ಶಾಲೆ ಏಳುವುದಿಲ್ಲ. ಆದುದರಿಂದ ಎರಡನೆಯ ವರ್ಗವನ್ನು ಸರ್ಕಾರಕ್ಕೆ ನೀಡುವ ನಿರ್ದೇಶನಗಳೆಂದು ಪ್ರತ್ಯೇಕವಾಗಿ ಇರಿಸುವುದು ಲೇಸೆಂಬುದು ಅವರ ವಾದವಾಗಿತ್ತು. 1937ರ ಐರ್ಲೆಂಡ್ ಸಂವಿಧಾನದಲ್ಲಿ ಇಂತಹ ಏರ್ಪಾಡು ಇತ್ತು. 1945ರ ಸಪ್ರು ಸಮಿತಿಯೂ ಇಂಥದೇ ವಿಂಗಡಣೆಯನ್ನು ಮಾಡಿತ್ತು.

ಈ ವಿಂಗಡಣೆಯನ್ನು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ರವರು ನಿರ್ದೇಶಕ ತತ್ವಗಳನ್ನು ಬ್ಯಾಂಕಿಗೆ ಅನುಕೂಲವಾದಾಗ ಮಾತ್ರ ನಗದಾಗುವ ಚೆಕ್ಕಿಗೆ ಹೋಲಿಸಿ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು. ಅಂತಿಮವಾಗಿ ಮೂಲಭೂತ ಹಕ್ಕುಗಳು ಸಂವಿಧಾನದ ಮೂರನೆಯ ಭಾಗದಲ್ಲಿಯೂ, ರಾಜ್ಯನೀತಿಯ ನಿರ್ದೇಶಕ ತತ್ವಗಳು ನಾಲ್ಕನೆಯ ಭಾಗದಲ್ಲಿಯೂ ಸೇರ್ಪಡೆಯಾದವು. ಮೊದಲನೆಯವುಗಳಿಗೆ ಭಂಗ ಬಂದಲ್ಲಿ 32ನೇ ಅನುಚ್ಛೇದದಡಿ ಸರ್ವೋಚ್ಚ ನ್ಯಾಯಾಲಯಕ್ಕೂ, 226ನೇ ಅನುಚ್ಛೇದದಡಿ ಹೈಕೋರ್ಟಿಗೂ ನೇರವಾಗಿ ಹೋಗಬಹುದು. ಎರಡನೆಯವುಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದಿದ್ದರೂ, ಅವು ದೇಶದ ಆಡಳಿತಕ್ಕೆ ಮೂಲಭೂತವಾದವುಗಳೆಂದು 37ನೇ ಅನುಚ್ಛೇದವು ಸಾರುತ್ತದೆ. ವೃದ್ಧಾಪ್ಯ ಮತ್ತು ಅನಾರೋಗ್ಯದ ಸಂದರ್ಭದ ಸಾರ್ವಜನಿಕ ನೆರವು 41ನೇ ಅನುಚ್ಛೇದದಲ್ಲಿದ್ದು, ಪಿಂಚಣಿ ಯೋಜನೆಗಳಿಗೆ ಅದು ಹಿನ್ನೆಲೆಯಾಗಿದೆ.

ರಾವ್ ರವರು 1947ರ ಅಕ್ಟೋಬರಿನಲ್ಲಿ ಸಲ್ಲಿಸಿದ ಕರಡಿನಲ್ಲಿ 240 ಅನುಚ್ಛೇದಗಳೂ 13 ಅನುಸೂಚಿಗಳೂ ಇದ್ದವು. ಡಾ. ಅಂಬೇಡ್ಕರ್ ರವರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಆಮೂಲಾಗ್ರವಾಗಿ ಪರಿಶೀಲಿಸಿ, 1948ರ ಫೆಬ್ರವರಿಯಲ್ಲಿ 315 ಅನುಚ್ಛೇದಗಳ ಕರಡನ್ನು ಹೊರತಂದಿತು. ಸಭೆಯಲ್ಲಿ 2,473 ತಿದ್ದುಪಡಿಗಳು ಮಂಡನೆಯಾದವು. 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದಲ್ಲಿ 395 ಅನುಚ್ಛೇದಗಳಿದ್ದವು. ಸಂವಿಧಾನದ ಕರ್ತೃ ಯಾರೆಂಬ ಬಗ್ಗೆ ಆಗಾಗ್ಗೆ ಚರ್ಚೆ ಕೇಳಿಬರುತ್ತದೆ. ಅಡಿಗಲ್ಲಿನಂತಿದ್ದ ಮೊದಲ ಕರಡು ರಾವ್ ರವರದು. ಅದನ್ನು ತಿದ್ದಿ, ಬೆಳೆಸಿ, ಸಭೆಯಲ್ಲಿ ಪ್ರತಿಯೊಂದು ಅನುಚ್ಛೇದವನ್ನೂ ಸಮರ್ಥಿಸಿ ಅಂಗೀಕಾರ ಪಡೆದವರು ಡಾ. ಅಂಬೇಡ್ಕರ್ ರವರು. ಒಬ್ಬರ ಶ್ರಮವನ್ನು ಹೇಳಲು ಇನ್ನೊಬ್ಬರದನ್ನು ಕುಗ್ಗಿಸಬೇಕಾಗಿಲ್ಲ. ಡಾ. ಅಂಬೇಡ್ಕರ್ ರವರು ತಮ್ಮ ಕೊನೆಯ ಭಾಷಣದಲ್ಲಿ ರಾವ್ ರವರಿಗೂ, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ರವರಿಗೂ ಸಲ್ಲಬೇಕಾದ ಗೌರವವನ್ನು ಮುಕ್ತವಾಗಿ ಸಲ್ಲಿಸಿದ್ದಾರೆ.

21ನೇ ಅನುಚ್ಛೇದದ ಪದಗಳು

ರಾವ್ ರವರ ಸಲಹೆಗಳಲ್ಲಿ ಅತ್ಯಂತ ಚರ್ಚೆಗೆ ಒಳಗಾದುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ಸಂಬಂಧಿಸಿದ್ದು. ಹಕ್ಕುಗಳ ಉಪಸಮಿತಿಯು ಅಮೆರಿಕದ ಸಂವಿಧಾನದಿಂದ ಡ್ಯೂ ಪ್ರೊಸೆಸ್ ಆಫ್ ಲಾ ಎಂಬ ಪದಪುಂಜವನ್ನು ತೆಗೆದುಕೊಂಡಿತ್ತು. ಅದರಂತೆ, ವ್ಯಕ್ತಿಯೊಬ್ಬನನ್ನು ಬಂಧಿಸಲು ಕಾಯ್ದೆಯಿದ್ದರೆ ಸಾಲದು. ಆ ಕಾಯ್ದೆಯೇ ನ್ಯಾಯವಾದುದೇ ಎಂಬುದನ್ನೂ ನ್ಯಾಯಾಧೀಶರು ಪರಿಶೀಲಿಸಬಹುದಾಗಿತ್ತು. ಕೇಳಲು ಇದು ನಾಗರಿಕರ ಪರವಾದುದೇ. ಆದರೆ ಅಮೆರಿಕದಲ್ಲಿ ಇದೇ ಪದಗಳ ಆಧಾರದ ಮೇಲೆ ಬೇಕರಿ ಕೆಲಸಗಾರರ ದುಡಿಮೆಯ ಅವಧಿಗೆ ಮಿತಿ ಹಾಕಿದ ಕಾಯ್ದೆಯನ್ನು 1905ರಲ್ಲಿಯೂ, ಮಹಿಳೆಯರಿಗೆ ಕನಿಷ್ಠ ವೇತನ ನೀಡುವ ಕಾಯ್ದೆಯನ್ನು 1923ರಲ್ಲಿಯೂ ಅಲ್ಲಿನ ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತ್ತು. ಭಾರತದಲ್ಲಿ ಗೇಣಿ, ಬಾಡಿಗೆ ನಿಯಂತ್ರಣ ಮುಂತಾದ ಬಡವರ ಪರವಾದ ಕಾಯ್ದೆಗಳಿಗೂ ಇದೇ ಗತಿ ಒದಗೀತೆಂಬ ಆತಂಕ ರಾವ್ ರವರಿಗಿತ್ತು.

1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಭೇಟಿ ನೀಡಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರವರು, ಜನರು ಆರಿಸಿದ ಶಾಸಕಾಂಗದ ತೀರ್ಮಾನವನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಅವಕಾಶ ನೀಡುವ ಈ ನಿಯಮವು ಪ್ರಜಾಪ್ರಭುತ್ವಕ್ಕೆ ಹೊಂದದೆಂದೂ, ನ್ಯಾಯಾಂಗಕ್ಕೂ ಹೊರೆಯೆಂದೂ ಅಭಿಪ್ರಾಯಪಟ್ಟರು. ರಾವ್ ರವರು ಹಿಂದಿರುಗಿದ ಮೇಲೆ ಕರಡು ಸಮಿತಿಯು ಆ ಪದಗಳನ್ನು ಕೈಬಿಟ್ಟು, ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಅರ್ಥದ ಪದಗಳನ್ನು ಸೇರಿಸಿತು. ನಿರ್ದೇಶಕ ತತ್ವಗಳಿಗೆ ಅನುಸಾರವಾಗಿ ರಚಿಸಿದ ಕಾನೂನುಗಳು ಮೂಲಭೂತ ಹಕ್ಕಿಗೆ ವಿರುದ್ಧವೆಂಬ ಕಾರಣದಿಂದಲೇ ಅಸಿಂಧುವಾಗಬಾರದೆಂಬ ಅವರ ಮತ್ತೊಂದು ಸಲಹೆಯನ್ನು ಮಾತ್ರ ಸಮಿತಿಯು ಒಪ್ಪಲಿಲ್ಲ. ಅದನ್ನು ಹೋಲುವ 31ಸಿ ಅನುಚ್ಛೇದವು 1971ರ 25ನೇ ತಿದ್ದುಪಡಿಯ ಮೂಲಕ ಸಂವಿಧಾನದೊಳಗೆ ಬಂದಿತು.

1948ರ ಡಿಸೆಂಬರಿನಲ್ಲಿ ಈ ವಿಷಯ ಸಭೆಯ ಮುಂದೆ ಬಂದಾಗ ಹಲವು ಸದಸ್ಯರು ಹಳೆಯ ಪದಗಳನ್ನೇ ಮರಳಿ ಸೇರಿಸಬೇಕೆಂದು ಒತ್ತಾಯಿಸಿದರು. ಬ್ರಿಟಿಷರ ಕಾಲದಲ್ಲಿ ವಿಚಾರಣೆಯಿಲ್ಲದೆ ಸೆರೆಮನೆ ಕಂಡಿದ್ದ ಅನೇಕರು ಆ ಸಭೆಯಲ್ಲಿದ್ದರು. ಡಾ. ಅಂಬೇಡ್ಕರ್ ರವರು ಎರಡೂ ಪಕ್ಷಗಳ ಅಪಾಯಗಳನ್ನು ವಿವರಿಸಿ ತೀರ್ಮಾನವನ್ನು ಸಭೆಗೇ ಬಿಟ್ಟರು. ತಿದ್ದುಪಡಿಗಳು ಬಿದ್ದುಹೋದವು. ಆದರೂ ಅಸಮಾಧಾನ ಉಳಿದುದರಿಂದ, 1949ರ ಸೆಪ್ಟೆಂಬರಿನಲ್ಲಿ ಡಾ. ಅಂಬೇಡ್ಕರ್ ರವರೇ ಬಂಧಿತರಿಗೆ ರಕ್ಷಣೆ ನೀಡುವ ಹೊಸ ಅನುಚ್ಛೇದವನ್ನು ಮಂಡಿಸಿದರು. ಬಂಧನದ ಕಾರಣವನ್ನು ತಿಳಿಸುವುದು, ವಕೀಲರನ್ನು ಕಾಣಲು ಬಿಡುವುದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ಇವು ಇಂದಿನ 22ನೇ ಅನುಚ್ಛೇದದಲ್ಲಿವೆ. ಮುಂಜಾಗ್ರತಾ ಬಂಧನಕ್ಕೆ ಒಳಗಾದವರಿಗೆ ಮಾತ್ರ ಇವು ಅನ್ವಯಿಸದಂತೆ ಪ್ರತ್ಯೇಕ ನಿಯಮಗಳನ್ನು ಅಲ್ಲಿಯೇ ಇಡಲಾಗಿದೆ.

ಪದಬದಲಾವಣೆಯ ಪರಿಣಾಮ ಬೇಗನೆ ಗೋಚರಿಸಿತು. 1950ರಲ್ಲಿ ಎ.ಕೆ. ಗೋಪಾಲನ್ ರವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಜಾಗ್ರತಾ ಬಂಧನ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಕಾಯ್ದೆಯಲ್ಲಿ ವಿಧಿಸಿದ ಕ್ರಮವನ್ನು ಪಾಲಿಸಿದ್ದರೆ ಸಾಕು, ಆ ಕ್ರಮ ನ್ಯಾಯವೇ ಎಂದು ಕೇಳುವಂತಿಲ್ಲವೆಂಬ ನಿಲುವು ಅದರಿಂದ ನೆಲೆಗೊಂಡಿತು. ದುಡಿಯುವವರ ಪರವಾದ ಕಾಯ್ದೆಗಳನ್ನು ಉಳಿಸಲೆಂದು ನೀಡಿದ ಸಲಹೆಯ ಮೊದಲ ಹೊಡೆತ ಬಿದ್ದದ್ದು ಸೆರೆಯಲ್ಲಿದ್ದವರ ಮೇಲೆ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ರಾವ್ ರವರ ಆತಂಕ ನಿರಾಧಾರವಾಗಿರಲಿಲ್ಲವೆಂಬುದೂ ನಿಜ. 1951ರಲ್ಲಿ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ಪಟ್ನಾ ಹೈಕೋರ್ಟ್ ಸಮಾನತೆಯ ಹಕ್ಕಿನ ಆಧಾರದ ಮೇಲೆ ರದ್ದುಪಡಿಸಿ, ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತರಬೇಕಾಯಿತು.

1978ರಲ್ಲಿ ಪಾಸ್‌ಪೋರ್ಟ್ ವಶಪಡಿಸಿಕೊಂಡ ಮೇನಕಾ ಗಾಂಧಿ ರವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ನಿಲುವನ್ನು ಬದಲಿಸಿತು. ಕಾನೂನಿನ ಕಾರ್ಯವಿಧಾನವು ನ್ಯಾಯಯುತವೂ, ನಿಷ್ಪಕ್ಷಪಾತವೂ, ಸಮಂಜಸವೂ ಆಗಿರಬೇಕೆಂದು ಅದು ತೀರ್ಪಿತ್ತಿತು. ಪದಗಳು ಹಾಗೆಯೇ ಉಳಿದು, ಅರ್ಥವು ಉಪಸಮಿತಿಯ ಮೊದಲ ಆಶಯದತ್ತ ಸಾಗಿತು. 2017ರಲ್ಲಿ ಖಾಸಗಿತನವೂ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಘೋಷಿಸಿದ್ದು ಇದೇ 21ನೇ ಅನುಚ್ಛೇದದ ಆಧಾರದಿಂದ. ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಆ ಅರ್ಜಿಯನ್ನು ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ರವರು.

ರಾವ್ ರವರು ಎಳೆದ ಗೆರೆಯೂ ಕಾಲಾನುಕ್ರಮದಲ್ಲಿ ಸರಿದಿದೆ. ಮಕ್ಕಳ ಉಚಿತ ಶಿಕ್ಷಣವು ಮೊದಲಿಗೆ 45ನೇ ಅನುಚ್ಛೇದದ ನಿರ್ದೇಶನವಷ್ಟೇ ಆಗಿತ್ತು. 2002ರ 86ನೇ ತಿದ್ದುಪಡಿಯಿಂದ 6ರಿಂದ 14 ವರ್ಷ ವಯಸ್ಸಿನ ಮಕ್ಕಳಿಗೆ ಅದು 21ಎ ಅನುಚ್ಛೇದದಡಿ ಮೂಲಭೂತ ಹಕ್ಕಾಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಷಾ ರವರು ಹೇಳಿದ ಚೆಕ್ಕು ನಗದಾಗಲು ಅರವತ್ತು ವರ್ಷ ಹಿಡಿಯಿತೆನ್ನಬಹುದು.

ಕೊನೆಯ ವರ್ಷಗಳು

ರಾವ್ ರವರು 1947ರಲ್ಲಿ ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾಗಿದ್ದರು. ಬಳಿಕ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಕದನವಿರಾಮಕ್ಕಾಗಿ ರಚಿಸಿದ ಮೂವರ ತಂಡದಲ್ಲಿ ಇರಾನ್ ಮತ್ತು ಕೆನಡಾ ಪ್ರತಿನಿಧಿಗಳೊಂದಿಗೆ ಅವರೂ ಶ್ರಮಿಸಿದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ತಮ್ಮ 66ನೇ ವಯಸ್ಸಿನಲ್ಲಿ ನಿಧನರಾದರು. ಅವರ ಟಿಪ್ಪಣಿಗಳು ಮತ್ತು ಕರಡುಗಳನ್ನು ಸಹೋದರ ಶಿವರಾವ್ ರವರು ಸಂಪಾದಿಸಿ 1960ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಅವರ ಸ್ಮರಣಾರ್ಥ ಭಾರತೀಯ ಅಂಚೆ ಇಲಾಖೆಯು 1988ರಲ್ಲಿ ಅಂಚೆಚೀಟಿಯೊಂದನ್ನು ಹೊರತಂದಿದೆ.