‘ಮನುಷ್ಯ’ನ ಅಂತ್ಯ ಸಾರಿದ ಮಿಶೆಲ್ ಫೂಕೊ ಮನುಷ್ಯರ ಪರ ನಿಂತ ಕಥೆ

1984ರ ಜೂನ್ 25. ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ 57 ವರ್ಷದ ಪ್ರಾಧ್ಯಾಪಕರೊಬ್ಬರು ಕೊನೆಯುಸಿರೆಳೆದರು. ಅವರ ಜೀವ ತೆಗೆದದ್ದು ಏಡ್ಸ್. ಆದರೆ ಆಗಿನ ಪ್ರಕಟಣೆಯಲ್ಲಿ ಆ ಹೆಸರೇ ಇರಲಿಲ್ಲ.

ಆ ಆಸ್ಪತ್ರೆಯ ಇತಿಹಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಬಡ ಹೆಂಗಸರನ್ನು, ಭಿಕ್ಷುಕಿಯರನ್ನು, ಬುದ್ಧಿಭ್ರಮಣೆಯಾದವರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಆ ಕಥೆಯನ್ನು ಜಗತ್ತಿಗೆ ಮತ್ತೆ ನೆನಪಿಸಿದವರಲ್ಲಿ ಅವರೂ ಒಬ್ಬರು. ಹೆಸರು ಮಿಶೆಲ್ ಫೂಕೊ.

ರಚನೋತ್ತರವಾದ ಎಂಬ ಮಾತು ಬಂದಾಗಲೆಲ್ಲ ಈ ಹೆಸರು ಮೊದಲು ಬರುತ್ತದೆ. ಆ ಹಣೆಪಟ್ಟಿ ಅವರಿಗೇ ಇಷ್ಟವಿರಲಿಲ್ಲ ಎಂಬುದು ಬೇರೆ ಮಾತು. ‘ಮನುಷ್ಯ’ನ ಕಾಲ ಮುಗಿಯುತ್ತಾ ಬಂದಿದೆ ಎಂದು ಬರೆದು ಅವರು ಯುರೋಪಿನ ಮಾನವತಾವಾದಿಗಳನ್ನು ಕೆರಳಿಸಿದ್ದರು. ಹಾಗಾದರೆ ಅವರಿಗೆ ಮನುಷ್ಯರ ಬಗ್ಗೆ ಕಾಳಜಿ ಇರಲಿಲ್ಲವೇ? ಅವರ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ.

ಸರ್ಜನ್ ಮಗ ಡಾಕ್ಟರ್ ಆಗಲಿಲ್ಲ

ಫೂಕೊ ಹುಟ್ಟಿದ್ದು 1926ರ ಅಕ್ಟೋಬರ್ 15ರಂದು, ಫ್ರಾನ್ಸಿನ ಪ್ವಾತಿಯೇ ಪಟ್ಟಣದಲ್ಲಿ. ತಂದೆ ಹೆಸರಾಂತ ಸರ್ಜನ್. ಮಗನೂ ತಮ್ಮ ದಾರಿಯಲ್ಲೇ ನಡೆಯಬೇಕೆಂಬುದು ಅವರ ಆಸೆ. ಮಗ ಒಪ್ಪಲಿಲ್ಲ. ಮನೆಯಲ್ಲಿ ಇಟ್ಟ ಹೆಸರು ಪಾಲ್-ಮಿಶೆಲ್. ಅದರಲ್ಲಿದ್ದ ತಂದೆಯ ಹೆಸರು ‘ಪಾಲ್’ ಅನ್ನು ಮುಂದೆ ಅವರು ಕೈಬಿಟ್ಟರು.

1946ರಲ್ಲಿ ಎರಡನೇ ಪ್ರಯತ್ನದಲ್ಲಿ ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಸುಪೀರಿಯರ್‌ಗೆ ಸೀಟು ಸಿಕ್ಕಿತು. ಫ್ರಾನ್ಸಿನ ಅತಿ ಬುದ್ಧಿವಂತ ಹುಡುಗರು ಓದುವ ಸಂಸ್ಥೆ ಅದು. ಆದರೆ ಅಲ್ಲಿನ ದಿನಗಳು ಸುಖದ ದಿನಗಳಾಗಿರಲಿಲ್ಲ. ತಮ್ಮ ಒಲವು ಗಂಡಸರ ಕಡೆಗೆ ಎಂಬುದನ್ನು ಬಾಯಿಬಿಟ್ಟು ಹೇಳುವ ಕಾಲವಾಗಿರಲಿಲ್ಲ ಅದು. 1948ರಲ್ಲಿ ಅವರು ಆತ್ಮಹತ್ಯೆಗೆ ಯತ್ನಿಸಿದರು. ತಂದೆ ಮಗನನ್ನು ಸೇಂಟ್ ಆನ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದರು.

ಕೆಲವೇ ವರ್ಷಗಳಲ್ಲಿ ಫೂಕೊ ಅದೇ ಸೇಂಟ್ ಆನ್‌ಗೆ ಮರಳಿದರು, ಈ ಬಾರಿ ಮನಶ್ಶಾಸ್ತ್ರದ ಕೆಲಸಕ್ಕೆ. ಅಲ್ಲಿ ಅವರು ಪೂರ್ತಿ ವೈದ್ಯರೂ ಅಲ್ಲ, ರೋಗಿಯೂ ಅಲ್ಲ. ಎರಡೂ ಕಡೆಯನ್ನು ಹತ್ತಿರದಿಂದ ಕಂಡವರು. ಸರಿಯಾದ ಮನಸ್ಸು, ಕೆಟ್ಟ ಮನಸ್ಸು ಎಂಬ ಗೆರೆ ಎಳೆದವರು ಯಾರು, ಯಾವಾಗ ಎಂಬ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

ಕಳಚಿದ ಸರಪಳಿ, ಕಳಚದ ಬಂಧನ

1955ರಲ್ಲಿ ಫೂಕೊ ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವೈದ್ಯಕೀಯದ ಹಳೆಯ ಪುಸ್ತಕಗಳ ದೊಡ್ಡ ಸಂಗ್ರಹವಿತ್ತು. ಅದರಲ್ಲಿ ಮುಳುಗಿದರು. ಆಮೇಲೆ ವಾರ್ಸಾ, ಹ್ಯಾಂಬರ್ಗ್. 1961ರಲ್ಲಿ ಹೊರಬಂದದ್ದೇ ಹುಚ್ಚಿನ ಇತಿಹಾಸದ ಕುರಿತ ಅವರ ದೊಡ್ಡ ಗ್ರಂಥ.

1656ರಲ್ಲಿ ರಾಜಾಜ್ಞೆಯೊಂದು ಪ್ಯಾರಿಸ್‌ನಲ್ಲಿ ‘ಜನರಲ್ ಹಾಸ್ಪಿಟಲ್’ ಹುಟ್ಟುಹಾಕಿತು. ಹೆಸರು ಆಸ್ಪತ್ರೆ, ಕೆಲಸ ಕೂಡಿಹಾಕುವುದು. ಹೆಂಗಸರಿಗೆ ಸಾಲ್ಪೆಟ್ರಿಯೇರ್, ಗಂಡಸರಿಗೆ ಬಿಸೆತ್ರ್. ಶತಮಾನ ಕಳೆದ ಮೇಲೆ ಫಿಲಿಪ್ ಪಿನೆಲ್ ಎಂಬ ವೈದ್ಯರು ಬಂದು ಹುಚ್ಚರ ಸರಪಳಿ ಕಳಚಿದರು ಎಂಬುದು ಫ್ರಾನ್ಸಿನ ಮಕ್ಕಳಿಗೂ ಗೊತ್ತಿರುವ ಕಥೆ. ಸಾಲ್ಪೆಟ್ರಿಯೇರ್ ಮುಂದೆ ಇಂದಿಗೂ ಪಿನೆಲ್ ಪ್ರತಿಮೆ ಇದೆ.

ಎಲ್ಲರೂ ಮಾನವೀಯತೆಯ ಗೆಲುವು ಎಂದು ಕೊಂಡಾಡುತ್ತಿದ್ದ ಈ ಕಥೆಯನ್ನು ಫೂಕೊ ತಿರುಗಿಸಿ ನೋಡಿದರು. ಕೈಕಾಲಿನ ಕಬ್ಬಿಣ ಹೋಯಿತು, ನಿಜ. ಅದರ ಜಾಗಕ್ಕೆ ಬಂದದ್ದೇನು? ಹಗಲಿರುಳು ಗಮನಿಸುವ ವೈದ್ಯರ ಕಣ್ಣು, ತಪ್ಪಿತಸ್ಥ ಭಾವನೆ, ಸರಿಯಾಗಿ ನಡೆದುಕೊಂಡರೆ ಮೆಚ್ಚುಗೆ, ಇಲ್ಲದಿದ್ದರೆ ಶಿಕ್ಷೆ. ಹುಚ್ಚರ ಬಗ್ಗೆ ಎಲ್ಲರೂ ಮಾತಾಡಿದರು, ಅವರ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಪುಸ್ತಕದ ಹಲವು ವಿವರಗಳನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೆ ಕರುಣೆಯ ಹೆಸರಿನಲ್ಲೂ ಅಧಿಕಾರ ನಡೆಯುತ್ತದೆ ಎಂಬ ಅದರ ತಿರುಳು ಹಾಗೇ ಉಳಿದಿದೆ.

ಬಿಸಿ ದೋಸೆಯಂತೆ ಮಾರಾಟವಾದ ತತ್ವಶಾಸ್ತ್ರ

1966ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಪದಗಳು ಮತ್ತು ವಸ್ತುಗಳು’. ಓದಲು ಕಬ್ಬಿಣದ ಕಡಲೆ. ಆದರೂ ಬಿಸಿ ದೋಸೆಯಂತೆ ಮಾರಾಟವಾಯಿತು.

ಅದರ ವಾದವನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಭೂಮಿಯ ಮೇಲೆ ಮನುಷ್ಯರು ಲಕ್ಷಾಂತರ ವರ್ಷಗಳಿಂದ ಇದ್ದಾರೆ. ಆದರೆ ಎಲ್ಲ ಜ್ಞಾನಕ್ಕೂ ಕೇಂದ್ರವಾದ, ತಾನೇ ಅರಿಯುವವನೂ ತಾನೇ ಅರಿವಿನ ವಸ್ತುವೂ ಆದ ‘ಮನುಷ್ಯ’ ಎಂಬ ಕಲ್ಪನೆ ಯುರೋಪಿನಲ್ಲಿ ಹುಟ್ಟಿದ್ದು 18ನೇ ಶತಮಾನದ ಕೊನೆಯಲ್ಲಿ. ಜೀವಶಾಸ್ತ್ರ, ಅರ್ಥಶಾಸ್ತ್ರ, ಭಾಷಾಶಾಸ್ತ್ರಗಳು ಹೊಸ ರೂಪ ಪಡೆದಾಗ ಅವುಗಳ ಜೊತೆಗೇ ಆತನೂ ಬಂದ. ಹುಟ್ಟಿದ್ದು ಒಂದು ದಿನ ಹೋಗಲೂಬಹುದು, ಕಡಲ ದಂಡೆಯ ಮರಳಲ್ಲಿ ಗೀಚಿದ ಚಿತ್ರದ ಹಾಗೆ.

ಎರಡನೇ ಮಹಾಯುದ್ಧದ ಬಳಿಕ ಅಸ್ತಿತ್ವವಾದವೇ ಮಾನವತಾವಾದ ಎಂದು ಸಾರಿದ್ದ ಜ್ಯಾಂ-ಪಾಲ್ ಸಾರ್ತ್ರೆ ಸಿಟ್ಟಾದರು. ಮಾರ್ಕ್ಸ್‌ನನ್ನು ತಡೆಯಲು ಸಿರಿವಂತ ವರ್ಗ ಕಟ್ಟಿದ ಕೊನೆಯ ಅಡ್ಡಗೋಡೆ ಇದು ಎಂಬ ಅರ್ಥದಲ್ಲಿ ಟೀಕಿಸಿದರು.

ಫೂಕೊ ಆಕ್ಷೇಪ ಇದ್ದದ್ದು ನಮ್ಮ ನಿಮ್ಮಂಥ ಮನುಷ್ಯರ ಬಗ್ಗೆ ಅಲ್ಲ, ಅಳತೆಗೋಲಿನ ಬಗ್ಗೆ. ಮನುಷ್ಯ ಎಂದರೆ ಹೀಗೇ ಇರಬೇಕು ಎಂದು ಒಂದು ಅಚ್ಚು ಮಾಡಿಟ್ಟರೆ, ಅದರಲ್ಲಿ ಹೊಂದದವರಿಗೆ ಒಂದೊಂದು ಹೆಸರು ಸಿಗುತ್ತದೆ. ಹುಚ್ಚ, ಅಪರಾಧಿ, ವಿಕೃತ. ಅವರನ್ನು ತಿದ್ದಲು ಒಂದೊಂದು ಕಟ್ಟಡವೂ ಏಳುತ್ತದೆ.

ಜೈಲಿನ ಬಾಗಿಲಲ್ಲಿ ಪ್ರಾಧ್ಯಾಪಕ

ಪುಸ್ತಕ ಬಂದ ವರ್ಷವೇ ಫೂಕೊ ಟ್ಯುನೀಸಿಯಾಕ್ಕೆ ಪಾಠ ಹೇಳಲು ಹೋದರು. 1968ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಸರ್ಕಾರದ ವಿರುದ್ಧ ಎದ್ದು ಜೈಲು ಸೇರಿದಾಗ ಅವರಿಗೆ ನೆರವಾದರು. 1970ರಲ್ಲಿ ಫ್ರಾನ್ಸಿನ ವಿದ್ವಾಂಸರಿಗೆ ಸಿಗುವ ಅತಿ ದೊಡ್ಡ ಗೌರವಗಳಲ್ಲೊಂದಾದ ಕಾಲೇಜ್ ದ ಫ್ರಾನ್ಸ್‌ನ ಪೀಠ ಸಿಕ್ಕಿತು. ಅಲ್ಲೇ ಹಾಯಾಗಿ ಕೂರಬಹುದಿತ್ತು. ಕೂರಲಿಲ್ಲ.

1971ರ ಫೆಬ್ರವರಿಯಲ್ಲಿ ಸಂಗಾತಿ ಡೇನಿಯಲ್ ಡಫೇರ್ ಮತ್ತಿತರರ ಜೊತೆ ಸೇರಿ ಜೈಲುಗಳ ಬಗ್ಗೆ ಮಾಹಿತಿ ಸಂಗ್ರಹಿಸುವ ಗುಂಪು ಕಟ್ಟಿದರು. ಕೈದಿಗಳನ್ನು ನೋಡಲು ಸಾಲುಗಟ್ಟಿ ನಿಂತ ಮನೆಯವರ ಕೈಗೆ ಪ್ರಶ್ನಾವಳಿ ಹಂಚಿದರು. ಊಟ ಹೇಗಿದೆ, ಚಳಿಗೆ ಏನಿದೆ, ಹೊಡೆಯುತ್ತಾರೆಯೇ? ಜೈಲು ಹೀಗಿರಬೇಕು ಎಂಬ ಉಪದೇಶವನ್ನು ಆ ಗುಂಪು ಕೊಡಲಿಲ್ಲ. ಒಳಗಿರುವವರ ಮಾತು ಹೊರಗೆ ಕೇಳುವಂತೆ ಮಾಡುವುದಷ್ಟೇ ಅದರ ಕೆಲಸ.

1975ರಲ್ಲಿ ಜೈಲಿನ ಹುಟ್ಟಿನ ಬಗ್ಗೆ ಅವರ ಪುಸ್ತಕ ಬಂತು. ನಡುವೆ ಒಂದು ಗೋಪುರ, ಸುತ್ತ ಕೋಣೆಗಳು; ಕಾವಲುಗಾರ ನೋಡುತ್ತಿದ್ದಾನೋ ಇಲ್ಲವೋ ಕೈದಿಗೆ ತಿಳಿಯದು, ಹಾಗಾಗಿ ತನ್ನನ್ನು ತಾನೇ ಕಾಯುತ್ತಾನೆ. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 18ನೇ ಶತಮಾನದಲ್ಲಿ ಹಾಕಿದ ಈ ನಕ್ಷೆಯಲ್ಲಿ ಫೂಕೊ ಶಾಲೆ, ಕಾರ್ಖಾನೆ, ಆಸ್ಪತ್ರೆಗಳ ಸ್ವಭಾವವನ್ನೂ ಕಂಡರು. ಸಿಸಿಟಿವಿ ಕೆಳಗೆ ನಿಂತಾಗ ನಾವು ಸುಮ್ಮನೆ ಮೈ ನೆಟ್ಟಗೆ ಮಾಡಿಕೊಳ್ಳುತ್ತೇವಲ್ಲ, ಅದೂ ಇದೇ.

ಅವರು ಎಡವಿದ್ದೂ ಉಂಟು. 1978ರಲ್ಲಿ ಇರಾನಿಗೆ ಹೋಗಿ ಅಲ್ಲಿನ ದಂಗೆಯನ್ನು ಮೆಚ್ಚಿ ಇಟಲಿಯ ಪತ್ರಿಕೆಗೆ ಬರೆದರು. ಹೊಸ ಆಡಳಿತ ಜನರನ್ನು ಗಲ್ಲಿಗೇರಿಸತೊಡಗಿದಾಗ ಟೀಕೆಯ ಸುರಿಮಳೆಯಾಯಿತು. ಮನುಷ್ಯ ಸ್ವಭಾವ, ಸಾರ್ವತ್ರಿಕ ನ್ಯಾಯ ಯಾವುದನ್ನೂ ಒಪ್ಪದಿದ್ದರೆ ಅನ್ಯಾಯವನ್ನು ಯಾವ ನೆಲದ ಮೇಲೆ ನಿಂತು ಎದುರಿಸುತ್ತೀರಿ ಎಂಬ ಪ್ರಶ್ನೆಯೂ ಬೆನ್ನು ಬಿಡಲಿಲ್ಲ.

1981ರಲ್ಲಿ ಜಿನೀವಾದಲ್ಲಿ ಅವರ ಉತ್ತರದ ಸುಳಿವು ಸಿಕ್ಕಿತು. ವಿಯೆಟ್ನಾಂನಿಂದ ದೋಣಿಯಲ್ಲಿ ಓಡಿ ಬರುತ್ತಿದ್ದವರ ಮೇಲೆ ಕಡಲ್ಗಳ್ಳರು ಬೀಳುತ್ತಿದ್ದ ದಿನಗಳವು. ಅವರ ಪರ ಮಾತಾಡಿದ ಫೂಕೊ ಮನುಷ್ಯನ ಸಾರ, ಘನತೆ ಎಂಬ ದೊಡ್ಡ ಮಾತುಗಳಿಗೆ ಹೋಗಲಿಲ್ಲ. ನಾವೆಲ್ಲರೂ ಯಾವುದೋ ಸರ್ಕಾರದಿಂದ ಆಳಿಸಿಕೊಳ್ಳುವವರು, ಪರಸ್ಪರ ನಿಲ್ಲಲು ಅಷ್ಟು ನಂಟು ಸಾಕು ಎಂಬುದು ಅವರ ನಿಲುವಾಗಿತ್ತು.

ಆಸ್ಪತ್ರೆಯ ಅಂಗಳದಲ್ಲಿ

ಫೂಕೊ ತೀರಿಕೊಂಡ ನಾಲ್ಕು ದಿನಕ್ಕೆ ಸಾಲ್ಪೆಟ್ರಿಯೇರ್ ಅಂಗಳದಲ್ಲಿ ಜನ ಸೇರಿದರು. ಗೆಳೆಯ ಜಿಲ್ ಡೆಲ್ಯೂಜ್ ಅವರ ಕೊನೆಯ ಪುಸ್ತಕಗಳಲ್ಲೊಂದರಿಂದ ಕೆಲ ಸಾಲು ಓದಿದರು. ಬಳಿಕ ಹುಟ್ಟೂರಿನ ಸಮೀಪದ ಹಳ್ಳಿಯಲ್ಲಿ ಮಣ್ಣಾದರು.

ರೋಗದ ಹೆಸರನ್ನೂ ಬಾಯಿಗೆ ತರದ ಆ ಮೌನ ಡಫೇರ್ ಅವರನ್ನು ಕಾಡಿತು. ಅದೇ ವರ್ಷ ಅವರು ‘ಏಡ್’ ಎಂಬ ಸಂಘಟನೆ ಕಟ್ಟಿದರು. ರೋಗಿಯೆಂದರೆ ವೈದ್ಯರ ಕಣ್ಣಿಗೆ ಬಿದ್ದ ಒಂದು ಕೇಸ್ ಅಲ್ಲ, ತನ್ನ ಮಾತು ತಾನೇ ಆಡಬಲ್ಲವನು ಎಂಬುದು ಅದರ ನಂಬಿಕೆ. ಫ್ರಾನ್ಸಿನಲ್ಲಿ ಅದು ಇಂದಿಗೂ ಕೆಲಸ ಮಾಡುತ್ತಿದೆ. ಹುಚ್ಚರ ಮಾತನ್ನು, ಕೈದಿಗಳ ಮಾತನ್ನು ಕೇಳಿ ಎಂದು ಹೇಳುತ್ತಾ ಬಂದ ಫೂಕೊಗೆ ಪಿನೆಲ್‌ನಂಥ ಪ್ರತಿಮೆಗಿಂತ ಇದೇ ಒಪ್ಪುವ ಸ್ಮಾರಕ.