ಪ್ರಿಯದರ್ಶಿ ಅಶೋಕನ ದಂಡನೀತಿ

ಮಗಧದ ಸಿಂಹಾಸನವನ್ನೇರಿದ ಮೌರ್ಯರಲ್ಲಿ, ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನು ಮೂರನೆಯವನು. ಕ್ರಿ.ಪೂ. 268ರ ಸುಮಾರಿಗೆ ಆತನಿಗೆ ಪಟ್ಟಾಭಿಷೇಕವಾಯಿತು. ಹೊರಗೆ ರಮಣೀಯವೂ ಒಳಗೆ ನರಕಸದೃಶವೂ ಆದ ಸೆರೆಮನೆಯೊಂದನ್ನು ಆತನು ಕಟ್ಟಿಸಿದ್ದನೆಂದು ಬೌದ್ಧರ ಅಶೋಕಾವದಾನವು ಬಣ್ಣಿಸುವುದು. ಇದು ಮತಾಂತರದ ಮಹಿಮೆಯನ್ನು ಹೆಚ್ಚಿಸಲು ಹುಟ್ಟಿದ ಕಥೆಯಾಗಿರಬಹುದು. ಆ ಅರಸನ ಮನವನ್ನರಿಯಲು ಆತನೇ ಕಲ್ಲಿನಲ್ಲಿ ಬರೆಯಿಸಿದುದನ್ನು ನೋಡುವುದು ಲೇಸು.

ಅಭಿಷಿಕ್ತನಾದ ಎಂಟು ವರ್ಷಗಳ ಮೇಲೆ ಆತನು ಕಳಿಂಗವನ್ನು ಗೆದ್ದನು. ಆತನ ಶಾಸನದ ಲೆಕ್ಕದಂತೆ ಒಂದು ಲಕ್ಷ ಜನರು ಹತರಾದರು. ಒಂದೂವರೆ ಲಕ್ಷ ಜನರು ಸೆರೆಯಾಗಿ ತಾಯ್ನಾಡನ್ನು ಅಗಲಿದರು. ಗೆದ್ದ ದೊರೆಯು ಗೆಲುವಿಗಾಗಿ ಮರುಗಿ, ಆ ಮರುಕವನ್ನು ಬಂಡೆಗಳ ಮೇಲೆ ಕೊರೆಯಿಸಿದುದು ಅಪೂರ್ವವಾದ ಸಂಗತಿ. ಆದರೆ ಅದೇ ಶಾಸನದಲ್ಲಿ ಅಡವಿಯ ಜನಕ್ಕೆ ಎಚ್ಚರಿಕೆಯೂ ಉಂಟು: ಪಶ್ಚಾತ್ತಾಪಪಟ್ಟವನಾದರೂ ಅರಸನು ದಂಡಿಸುವ ಶಕ್ತಿಯನ್ನು ಬಿಟ್ಟವನಲ್ಲ. ದಯೆಯ ಭರದಲ್ಲಿ ಆತನು ದಂಡವನ್ನೇ ತೊರೆದನೆಂದು ಕೊಂಡಾಡುವವರು ಇದನ್ನು ಮರೆಯುವರು. ಕಂದಹಾರದಲ್ಲಿ ಇದೇ ಅರಸನ ಶಾಸನಗಳು ಗ್ರೀಕರ ನುಡಿಯಲ್ಲಿಯೂ ದೊರೆತಿವೆ. ಅಲ್ಲಿ ಧರ್ಮವೆಂಬ ಪದಕ್ಕೆ ಪ್ರತಿಯಾಗಿ, ಆ ಜನರು ದೇವತಾಭಕ್ತಿಗೆ ಬಳಸುತ್ತಿದ್ದ ಪದವನ್ನಿಟ್ಟಿರುವರು. ನಾಡು ಬೇರೆಯಾದಂತೆ ನುಡಿಯ ಅರ್ಥವೂ ಅಷ್ಟು ವಾಲದೆ ಇರದು.

ಕಳಿಂಗದೊಳಗಣ ಧೌಲಿ, ಜೌಗಡಗಳಲ್ಲಿ ಮಾತ್ರ ಆ ಯುದ್ಧದ ವೃತ್ತಾಂತವನ್ನು ಬರೆಯಿಸಲಿಲ್ಲ. ನೊಂದವರಿಗೆ ನೋವಿನ ಲೆಕ್ಕವನ್ನು ಓದಿ ಹೇಳುವುದೇಕೆ? ಅಲ್ಲಿ ನ್ಯಾಯಾಧಿಕಾರಿಗಳನ್ನು ಕುರಿತ ಬೇರೆ ಶಾಸನವುಂಟು. ನಿರಪರಾಧಿಯು ಅಕಾರಣವಾಗಿ ಬಂಧನಕ್ಕೂ ಹಿಂಸೆಗೂ ಸಿಲುಕುವುದುಂಟೆಂದು ಅರಸನು ಅಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿರುವನು. ಅದಕ್ಕೆ ಆತನು ಕಂಡ ಕಾರಣಗಳಾದರೋ ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಆಯಾಸ. ನ್ಯಾಯಪೀಠದಲ್ಲಿ ಕುಳಿತವನ ದಣಿವನ್ನೂ ಅನ್ಯಾಯದ ಮೂಲವೆಂದು ಗಣಿಸಿದ ಅರಸರು ವಿರಳ. ಐದು ವರ್ಷಗಳಿಗೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಪರಿಶೀಲನೆಗೆ ಕಳುಹಿಸುವ ಏರ್ಪಾಡೂ ಆಯಿತು. ಉಜ್ಜಯಿನಿ, ತಕ್ಷಶಿಲೆಗಳಲ್ಲಿ ಮೂರು ವರ್ಷಗಳಿಗೊಮ್ಮೆ.

ವರ್ಣಭೇದದಂತೆ ದಂಡಭೇದವನ್ನು ವಿಧಿಸುವುದು ಧರ್ಮಶಾಸ್ತ್ರಗಳ ಪದ್ಧತಿ. ಅಶೋಕನಾದರೋ ಅಭಿಷೇಕದ 26 ವರ್ಷಗಳ ಮೇಲೆ ಬರೆಯಿಸಿದ ಸ್ತಂಭಶಾಸನದಲ್ಲಿ ವ್ಯವಹಾರದಲ್ಲಿಯೂ ದಂಡದಲ್ಲಿಯೂ ಸಮತೆಯನ್ನು ಬಯಸಿದನು. ಆ ಸಮತೆಯು ಎಲ್ಲ ವರ್ಣಗಳಿಗೂ ಒಂದೇ ಶಿಕ್ಷೆಯೆಂಬುದೋ, ಎಲ್ಲ ಪ್ರಾಂತಗಳಲ್ಲಿಯೂ ಒಂದೇ ಕ್ರಮವೆಂಬುದೋ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಮರಣದಂಡನೆಯನ್ನು ಆತನು ರದ್ದುಗೊಳಿಸಲಿಲ್ಲ. ಆ ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಆಗ ಬಂಧುಗಳು ಪ್ರಾಣಭಿಕ್ಷೆಯನ್ನು ಬೇಡಬಹುದಾಗಿತ್ತು. ಬೇಡುವವರಿಲ್ಲದ ಬಡಪಾಯಿಯು ದಾನೋಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದಾಗಿತ್ತು. ಮೂರೇ ದಿನಗಳೆಂದು ನಗುವುದು ಸುಲಭ. ಕೊರಳನ್ನೊಡ್ಡಿದವನಿಗೆ ಅವು ಅಲ್ಪವಲ್ಲ. ಆ 26 ವರ್ಷಗಳಲ್ಲಿ 25 ಸಲ ಸೆರೆಯವರನ್ನು ಬಿಡಿಸಿದನೆಂದೂ ಮತ್ತೊಂದು ಶಾಸನದಿಂದ ತಿಳಿದುಬರುವುದು.

ಕ್ರಿ.ಪೂ. 232ರ ಸುಮಾರಿಗೆ ಆತನು ಕಾಲವಾದನು. ಕಾಲಾಂತರದಲ್ಲಿ ಆ ಲಿಪಿಯನ್ನು ಬಲ್ಲವರೇ ಇಲ್ಲದಂತಾಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬಾತನು ಅದನ್ನು ಓದಿದನು. 1915ರಲ್ಲಿ ಕನ್ನಡನಾಡಿನ ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. 1980ರ ದಶಕದಲ್ಲಿ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದೊಳಗೆ ಕಾಳಿಯ ವಿಗ್ರಹಕ್ಕೆ ಆಧಾರವಾಗಿದ್ದ ಕಲ್ಲೊಂದು ಬೆಳಕಿಗೆ ಬಂದಿತು. ಅದರ ಮೇಲಿದ್ದುದು, ಕಳಿಂಗಕ್ಕೆ ಮಾತ್ರ ಮೀಸಲೆಂದು ಅದುವರೆಗೆ ತಿಳಿದಿದ್ದ, ನ್ಯಾಯಾಧಿಕಾರಿಗಳ ಆ ಶಾಸನ.