ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿದ ಎಚ್ಎನ್

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬದುಕಿನ ನಿಯಮ ಮಾಡಿಕೊಂಡವರು ಡಾ. ಎಚ್. ನರಸಿಂಹಯ್ಯ. ಕೃತಕ ಬುದ್ಧಿಮತ್ತೆ ನಿಜ ಮತ್ತು ಸುಳ್ಳಿನ ನಡುವಿನ ಗೆರೆಯನ್ನೇ ಅಳಿಸುತ್ತಿರುವ ಈ ಕಾಲದಲ್ಲಿ ನಮ್ಮಂಥ ವಿದ್ಯಾರ್ಥಿಗಳು ಅವರನ್ನು ಮತ್ತೆ ಓದಬೇಕಿದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್ಎನ್, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರಲ್ಲಿ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲಿಗೂ ಹೋದರು. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದ ಓಹಿಯೊದಲ್ಲಿ ಪಿಎಚ್.ಡಿ. ಪಡೆದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗದ ಅವರಿಗೆ ಕಾಲೇಜು ಹಾಸ್ಟೆಲಿನ ಕೊಠಡಿಯೇ ಮನೆ.

ಕುಲಪತಿಯಾಗಿದ್ದಾಗಲೇ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ರಚಿಸಿದರು. ನಮ್ಮ ಮೈಸೂರಿಗೆ ಹತ್ತಿರದ ಪಾಂಡವಪುರದಲ್ಲಿ ಬಾಲಕನೊಬ್ಬ ಬರಿಗೈಯಿಂದ ವಿಭೂತಿ ತರುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಸಮಿತಿ ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೆ ಅಡಗಿತ್ತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೂ ಪರೀಕ್ಷೆಗೆ ಒಪ್ಪುವಂತೆ ಎಚ್ಎನ್ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಟೀಕೆಗಳು ಬಂದವು. ಅವರು ಹಿಂದೆ ಸರಿಯಲಿಲ್ಲ.

ಅವರ ಒಂದು ಸವಾಲು ಬಹಳ ಪ್ರಸಿದ್ಧ. ಗಾಳಿಯಿಂದ ಬೂದಿ, ಉಂಗುರ ಸೃಷ್ಟಿಸುವವರು ಒಂದು ಕುಂಬಳಕಾಯಿಯನ್ನೂ ಸೃಷ್ಟಿಸಲಿ ಎಂದು ಅವರು ಕೇಳಿದ್ದರು. ಬೂದಿಯನ್ನು ಅಂಗೈಯಲ್ಲಿ ಮುಚ್ಚಿಡಬಹುದು, ಕುಂಬಳಕಾಯಿಯನ್ನು ಆಗದು. ಅದೇ ಆ ಪರೀಕ್ಷೆಯ ಜಾಣ್ಮೆ.

ಗೆಳೆಯರೇ, ಆ ಪರೀಕ್ಷೆ ಇಂದು ಮೊಬೈಲ್ ಪರದೆಯ ಮುಂದೆ ಸೋಲುತ್ತದೆ. ಅಲ್ಲಿ ಕುಂಬಳಕಾಯಿಯೇನು, ಆನೆಯನ್ನೂ ಕ್ಷಣದಲ್ಲಿ ಸೃಷ್ಟಿಸಬಹುದು. ಸಾವಿರಾರು ಚಿತ್ರ, ಧ್ವನಿಗಳಿಂದ ಕಲಿತ ಯಂತ್ರ ಇಲ್ಲದ ದೃಶ್ಯವನ್ನು ಇರುವಂತೆಯೇ ಹೆಣೆಯುತ್ತದೆ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ್ದು ದೇಶವನ್ನೇ ಬೆಚ್ಚಿಬೀಳಿಸಿತು. ಹೂಡಿಕೆ ಆ್ಯಪ್‌ಗಳಿಗೆ ತಮ್ಮ ನಕಲಿ ವಿಡಿಯೊ ಬಳಸುತ್ತಿದ್ದಾರೆಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರೇ ಜನರನ್ನು ಎಚ್ಚರಿಸಬೇಕಾಯಿತು.

ಹಾಗಾದರೆ ಎಚ್ಎನ್ ಹಳಬರಾದರೇ? ಇಲ್ಲ. ಅವರು ಎಲ್ಲವನ್ನೂ ಸುಳ್ಳೆಂದು ತಳ್ಳಲಿಲ್ಲ. ಸ್ಥಳಕ್ಕೆ ಹೋದರು, ಪತ್ರ ಬರೆದರು, ಪರೀಕ್ಷೆಗೆ ಅವಕಾಶ ಕೇಳಿದರು. ನಾವು ಉಳಿಸಿಕೊಳ್ಳಬೇಕಾದದ್ದು ಈ ದಾರಿಯನ್ನು. ವಿಡಿಯೊವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಅದರ ನಿಜ ಗೊತ್ತಾಗದಿರಬಹುದು. ಅದು ಯಾರಿಂದ ಬಂತು, ಯಾವಾಗ, ಬೇರೆ ಯಾರು ದೃಢಪಡಿಸಿದ್ದಾರೆ ಎಂದು ಕೇಳಿದರೆ ದಾರಿ ಸಿಗುತ್ತದೆ. ನೇಮಕಾತಿಯ ಸುದ್ದಿ ಬಂದರೆ ಆ ಇಲಾಖೆಯ ಜಾಲತಾಣದಲ್ಲೇ ನೋಡೋಣ. ನೆಂಟರ ದನಿಯಲ್ಲಿ ಯಾರೋ ಹಣ ಕೇಳಿದರೆ, ನಮಗೆ ಗೊತ್ತಿರುವ ನಂಬರಿಗೆ ತಿರುಗಿ ಕರೆ ಮಾಡೋಣ. ಮೋಸ ಹೋದರೆ ತಡಮಾಡದೆ 1930ಕ್ಕೆ ತಿಳಿಸೋಣ.

ಇನ್ನೊಂದು ಅಪಾಯವೂ ಇದೆ. ಎಲ್ಲವೂ ನಕಲಿ ಎನ್ನುವ ಚಾಳಿ ಬೆಳೆದರೆ, ನಿಜವಾಗಿ ತಪ್ಪು ಮಾಡಿದವನೂ ಇದು ಎಐ ವಿಡಿಯೊ ಎಂದು ಪಾರಾಗುತ್ತಾನೆ. ಏನನ್ನೂ ನಂಬದವನು ಎಲ್ಲವನ್ನೂ ನಂಬುವವನಷ್ಟೇ ಸೋಮಾರಿ. ಇಬ್ಬರೂ ಪರೀಕ್ಷಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ.

ಎಚ್ಎನ್ 2005ರ ಜನವರಿ 31ರಂದು ತೀರಿಕೊಂಡರು. ನನ್ನ ವಯಸ್ಸಿನವರು ಅವರನ್ನು ಕಂಡಿಲ್ಲ. ಆದರೆ ಚಿಕ್ಕಯ್ಯನಛತ್ರದಂಥ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಫಾರ್ವರ್ಡ್ ಮಾಡುವ ಮೊದಲು, ಇದು ನಿಜವೇ ಎಂದು ಕೇಳಿದರೆ ಅವರ ಸಮಿತಿ ಇನ್ನೂ ಕೆಲಸ ಮಾಡುತ್ತಿದೆ ಎಂದೇ ಅರ್ಥ.